ಬಾಡಿಗೆ ಕಟ್ಟೋಕೆ ಆಗ್ತಾ ಇಲ್ಲ, ಈಗೆಂತ ಮಾಡೋದು? ನಮ್ಮ ಬದಿಯ ಬಾಡಿಗೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ 1 ಬಂತು ಅಂದ್ರೆ ನಮ್ಮ ಕಾರವಾರದ ಬೈತಖೋಲ ಬಂದರಲ್ಲಿ ಬೋಟೆಲ್ಲ ಸಾಲಾಗಿ ಕಟ್ಟಿ ನಿಲ್ಲಿಸ್ತಾರೆ, ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಆ 61 ದಿನ ಬೋಟಿಗೆ ಹೋಗೋರ ಮನೆಗೆ ದುಡ್ಡು ಬರೋದಿಲ್ಲ, ಆದ್ರೆ ಬಾಡಿಗೆಗೆ ರಜೆ ಇಲ್ಲ. ಬೋಟಿನವರು ಅಂತ ಮಾತ್ರ ಅಲ್ಲ, ಕೈಗಾದಲ್ಲಿ ಕಾಂಟ್ರಾಕ್ಟ್ ಮುಗಿದವ್ರು, ನೇವಿ ಕೆಲಸಕ್ಕೆ ಅಂತ ಬಂದು ಮಳೆಗಾಲದಲ್ಲಿ ಕೂತವ್ರು, ಶಿರಸಿಯಲ್ಲಿ ಅಂಗಡಿ ಕೆಲಸ ಬಿಟ್ಟವ್ರು, ಎಲ್ಲರದ್ದೂ ಇದೇ ಕಥೆ.

ನಾನೂ ಕೋಡಿಬಾಗದಲ್ಲಿ ಎರಡು ಖೋಲಿ ಹಿಡ್ಕೊಂಡು ಹತ್ತು ವರ್ಷದ ಮೇಲೆ ಇದ್ದೆ. ಒಂದು ಮಳೆಗಾಲ ಎರಡು ತಿಂಗಳ ಬಾಡಿಗೆ ನಿಂತುಹೋಯ್ತು. ಓನರ್ ಬಂದ್ರೆ ಕಿಟಕಿ ಹಾಕಿ ಮಕ್ಕಳಿಗೆ ಸುಮ್ನಿರಿ ಅಂತಿದ್ದೆ. ಒಂದು ಸಂಜೆ ರೇಷನ್ ತಗೊಂಡು ಬರೋವಾಗ ನಮ್ಮ ಬೀಗದ ಮೇಲೆ ಇನ್ನೊಂದು ಬೀಗ, ಹೊಸದು, ರೇಟಿನ ಚೀಟಿ ಇನ್ನೂ ಅಂಟ್ಕೊಂಡೇ ಇತ್ತು. ಮಕ್ಕಳು ಶಾಲೆಯ ಬಟ್ಟೆಯಲ್ಲೇ ಒದ್ದೆಯಾಗಿ ಜಗಲಿ ಮೇಲೆ ಕೂತಿದ್ರು. ನಾಲ್ಕು ದಿನ ಅಕ್ಕನ ಮನೇಲಿ ಉಳಿದು, ಕಿವಿಯದ್ದು ಅಡವಿಟ್ಟು, ಬಾಕಿ ಕೊಟ್ಟು ಒಳಗೆ ಹೋದ್ವಿ. ಹಾಗೆ ಬೀಗ ಹಾಕೋ ಹಕ್ಕು ಅವರಿಗೆ ಇರಲೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಮೂರು ವರ್ಷ ಬಿಟ್ಟು. ನಿಮಗೆ ಹಾಗಾಗಬಾರದು ಅಂತ ಇದನ್ನ ಬರೀತಾ ಇದ್ದೇನೆ. ನಾನು ವಕೀಲೆ ಅಲ್ಲ, ಈಗ ಕಾನೂನು ನೆರವಿನ ಕೆಲಸದಲ್ಲಿ ಸ್ವಯಂಸೇವಕಿ, ಜನ ನನ್ನ ಹತ್ರ ಕೇಳಿದ್ದನ್ನೇ ಇಲ್ಲಿ ಹಾಕಿದ್ದೇನೆ. ಕೋರ್ಟಿನ ಕಾಗದ ಕೈಗೆ ಬಂದಿದ್ರೆ ಮಾತ್ರ ಇದನ್ನ ಓದಿ ಸುಮ್ನೆ ಕೂರಬೇಡಿ, ವಕೀಲರ ಹತ್ರ ಹೋಗಿ.

ಪ್ರಶ್ನೆ: ಬಾಡಿಗೆ ಕೊಡದೇ ಇದ್ರೆ ಪೊಲೀಸರು ಹಿಡ್ಕೊಂಡು ಹೋಗ್ತಾರಾ?

ಇಲ್ಲ. ಬಾಡಿಗೆ ಬಾಕಿ ಅಂದ್ರೆ ಸಾಲ ಇದ್ದ ಹಾಗೆ, ಅಪರಾಧ ಅಲ್ಲ. ಬಾಡಿಗೆ ಕೊಡಲಿಲ್ಲ ಅನ್ನೋದಕ್ಕೆ ಸಿವಿಲ್ ಪರಿಣಾಮ ಇರಬಹುದು, ಆದ್ರೆ ಅದೊಂದೇ ಕಾರಣಕ್ಕೆ ದಂಡ ಸಂಹಿತೆಯ ಅಪರಾಧ ಆಗೋದಿಲ್ಲ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟವಾಗಿ ಹೇಳಿದೆ, ಬಾಡಿಗೆದಾರರ ಮೇಲೆ ಹಾಕಿದ್ದ ಎಫ್‌ಐಆರನ್ನೇ ರದ್ದು ಮಾಡಿದೆ. ಸ್ಟೇಷನ್ನಿಂದ ಫೋನ್ ಬಂದ್ರೆ ಹೆದರಿ ಊರು ಬಿಡಬೇಡಿ. ಹೋಗಿ, ಅಗ್ರಿಮೆಂಟು, ಬಾಡಿಗೆ ಕೊಟ್ಟ ದಾಖಲೆ ಎಲ್ಲ ತಗೊಂಡು ಹೋಗಿ, ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ, ಇಷ್ಟು ಬಾಕಿ ಇದೆ ಸಾರ್, ಇಂತಿಂಥ ತಾರೀಕಿಗೆ ಕೊಡ್ತೇನೆ ಅಂತ ಮರ್ಯಾದೆಯಿಂದ ಹೇಳಿ. "ಇಂತಾ ದಿನ ಖಾಲಿ ಮಾಡ್ತೇನೆ" ಅಂತ ಬರೆದ ಕಾಗದಕ್ಕೆ ಅಲ್ಲೇ ನಿಂತು ಸಹಿ ಹಾಕಬೇಡಿ. ಮನೆ ಖಾಲಿ ಮಾಡಿಸೋ ಅಧಿಕಾರ ಕೋರ್ಟಿಗೆ ಇರೋದು, ಸ್ಟೇಷನ್ನಿಗೆ ಅಲ್ಲ.

ಪ್ರಶ್ನೆ: ಹಾಗಾದ್ರೆ ಚೆಕ್ ಕೊಟ್ಟಿದ್ದೆ, ಅದು ಬೌನ್ಸ್ ಆಯ್ತು?

ಇಲ್ಲಿ ಮಾತ್ರ ಹುಷಾರು. ಬಾಡಿಗೆಗೆ ಅಂತ ಕೊಟ್ಟ ಚೆಕ್ ಬೌನ್ಸ್ ಆದ್ರೆ ಚೆಕ್ ಕಾನೂನಿನ 138ನೇ ಸೆಕ್ಷನ್ ಬರ್ತದೆ, ಅದು ಕ್ರಿಮಿನಲ್ ಕೇಸು, ಎರಡು ವರ್ಷದ ತನಕ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನ ತನಕ ದಂಡ, ಇಲ್ಲಾ ಎರಡೂ ಆಗಬಹುದು. ಬೌನ್ಸ್ ಆದ್ಮೇಲೆ ಅವರು 30 ದಿನದೊಳಗೆ ನೋಟಿಸ್ ಕಳಿಸ್ಬೇಕು, ನೋಟಿಸ್ ಸಿಕ್ಕ 15 ದಿನದೊಳಗೆ ನೀವು ದುಡ್ಡು ಕೊಟ್ರೆ ಅಲ್ಲಿಗೆ ಮುಗೀತದೆ. ಖಾತೆಯಲ್ಲಿ ದುಡ್ಡಿಲ್ಲ ಅಂತ ಗೊತ್ತಿದ್ರೆ ಓನರ್ ಎಷ್ಟೇ ಒತ್ತಾಯ ಮಾಡಿದ್ರೂ ಚೆಕ್ ಬರ್ಕೊಡಬೇಡಿ. ಖಾಲಿ ಚೆಕ್ಕು, ಖಾಲಿ ಸ್ಟ್ಯಾಂಪ್ ಪೇಪರಿಗೆ ಸಹಿ, ಇವೆರಡು ಜನ್ಮದಲ್ಲಿ ಕೊಡಬೇಡಿ. ಸುಮ್ನೆ ಬಾಕಿ ಇದ್ದಿದ್ರೆ ಸಿವಿಲ್ ಆಗಿ ಇರ್ತಿದ್ದ ವಿಷಯ, ಚೆಕ್ ಕೊಟ್ಟು ನಾವೇ ಕ್ರಿಮಿನಲ್ ಮಾಡ್ಕೊಂಡ ಹಾಗೆ ಆಗ್ತದೆ.

ಪ್ರಶ್ನೆ: ಓನರ್ ಬೀಗ ಹಾಕಿದ್ರೆ, ಸಾಮಾನು ಹೊರಗೆ ಎಸೆದ್ರೆ?

ಎಷ್ಟೇ ತಿಂಗಳ ಬಾಕಿ ಇರಲಿ, ನೀವು ಒಪ್ಪಿ ಬಿಟ್ಟುಕೊಡೋ ತನಕ ಅಥವಾ ಕೋರ್ಟು ಹೇಳೋ ತನಕ ಆ ಮನೆಯ ಸ್ವಾಧೀನ ನಿಮ್ಮದು. ಮಾಲಕರೇ ಆದ್ರೂ ಕಾನೂನಿನ ದಾರಿ ಬಿಟ್ಟು ತಮ್ಮ ಕೈಯಾರೆ ಹೊರಹಾಕೋ ಹಾಗಿಲ್ಲ. ನಮ್ಮ ಕರ್ನಾಟಕದ್ದೇ ಒಂದು ಕೇಸು, ರಾಮೇಗೌಡ ವರ್ಸಸ್ ವರದಪ್ಪ ನಾಯ್ಡು ಅಂತ, ಅದರಲ್ಲಿ 2003ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು, ನೆಲೆಯಾಗಿ ಸ್ವಾಧೀನದಲ್ಲಿ ಇರೋರನ್ನ ಆಸ್ತಿಯ ಯಜಮಾನ ಕೂಡ ಬಲವಂತದಿಂದ ಹೊರಹಾಕೋ ಹಾಗಿಲ್ಲ ಅಂತ.

ಬೀಗ ಬಿದ್ದಿದೆ ಅಂದ್ರೆ ಮೊದಲು ಫೋಟೋ, ವಿಡಿಯೋ ತೆಗೀರಿ, ಬಾಗಿಲು, ಬೀಗ, ಹೊರಗೆ ಬಿದ್ದ ಸಾಮಾನು ಎಲ್ಲ. ಪಕ್ಕದ ಮನೆಯವರನ್ನ ಕರೆದು ತೋರಿಸಿ. ನೀವೇ ಬೀಗ ಒಡೆದು ಗಲಾಟೆ ಮಾಡ್ಕೊಳ್ಳಬೇಡಿ. 112ಕ್ಕೆ ಫೋನ್ ಮಾಡಿ, ಆಮೇಲೆ ಸ್ಟೇಷನ್ನಿಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಮನೆ ಹೊಕ್ಕು ಸಾಮಾನು ಎಸೆದದ್ದು, ದಾರಿ ತಡೆದದ್ದು, ಹೊಡೀತೇನೆ ಅಂತ ಹೆದರಿಸಿದ್ದು, ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧವೇ. ಸ್ಟೇಷನ್ನಲ್ಲಿ "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಅಂತ ಹೇಳಿ ಕಳಿಸೋದು ಉಂಟು, ಆಗ "ಬಾಡಿಗೆ ಬಾಕಿ ಸಿವಿಲ್ ಹೌದು ಸಾರ್, ಬೀಗ ಹಾಕಿದ್ದು ಅಲ್ಲ" ಅಂತ ಹೇಳಿ.

ಇನ್ನೊಂದು ಬಹಳ ಮುಖ್ಯ. ನಿರ್ದಿಷ್ಟ ಪರಿಹಾರ ಕಾಯ್ದೆ 1963 ಅಂತ ಇದೆ, ಅದರ 6ನೇ ಸೆಕ್ಷನ್ ಪ್ರಕಾರ ಹೀಗೆ ಬಲವಂತದಿಂದ ಹೊರಹಾಕಿದ್ರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಮನೆ ಯಾರ ಹೆಸರಲ್ಲಿ ಇದೆ ಅಂತ ಕೋರ್ಟು ಅಲ್ಲಿ ನೋಡೋದಿಲ್ಲ, ನೀವು ಸ್ವಾಧೀನದಲ್ಲಿ ಇದ್ರಾ, ಕಾನೂನು ಬಿಟ್ಟು ಹೊರಹಾಕಿದ್ರಾ, ಇಷ್ಟೇ ನೋಡೋದು. ಆರು ತಿಂಗಳು ದಾಟಿದ್ರೆ ಈ ದಾರಿ ಮುಚ್ಚಿತು. ನನಗೆ ಮೂರು ವರ್ಷ ಬಿಟ್ಟು ಗೊತ್ತಾಗಿ ಎಂತ ಪ್ರಯೋಜನ ಆಯ್ತು ಹೇಳಿ.

ಪ್ರಶ್ನೆ: ಎಷ್ಟು ತಿಂಗಳು ಬಾಕಿ ಇದ್ರೆ ಖಾಲಿ ಮಾಡಿಸಬಹುದು?

ಎಲ್ಲರೂ ಮೂರು ತಿಂಗಳು ಅಂತಾರೆ, ಅಂಥ ಲೆಕ್ಕ ಕಾನೂನಲ್ಲಿ ಇಲ್ಲ. ನಿಮ್ಮ ಅಗ್ರಿಮೆಂಟಲ್ಲಿ ಬರೆದಿದ್ರೆ ಅದು ಬೇರೆ.

ಸ್ವಲ್ಪ ಬಿಡಿಸಿ ಹೇಳ್ತೇನೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅದರಲ್ಲಿ ಬಾಡಿಗೆದಾರರಿಗೆ ಒಳ್ಳೆ ರಕ್ಷಣೆ ಇದೆ, ಬಾಕಿಗೆ ನೋಟಿಸ್ ಕೊಟ್ಟ ಮೇಲೆ ತೀರಿಸೋಕೆ ಎರಡು ತಿಂಗಳು ಟೈಮ್ ಇದೆ, ಓನರ್ ಕಾರಣ ತೋರಿಸಲೇಬೇಕು. ಆದ್ರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಆ ಕಾಯ್ದೆ ಲಾಗು ಆಗೋದಿಲ್ಲ. ಈಗ ಕಾರವಾರದಲ್ಲಿ 2,000ಕ್ಕೆ ಒಂದು ಖೋಲಿ ಸಿಗ್ತದಾ? ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಆ ಕಾಯ್ದೆ ಹೆಸರಿಗೆ ಮಾತ್ರ. ಈ ಮೊತ್ತ ಸರ್ಕಾರ ಏರಿಸಬೇಕು ಅಂತ ನನಗೆ ಬಹಳ ಅನ್ನಿಸ್ತದೆ.

ಉಳಿದವರಿಗೆಲ್ಲ ಬರೋದು ಆಸ್ತಿ ವರ್ಗಾವಣೆ ಕಾಯ್ದೆ 1882. ತಿಂಗಳ ಬಾಡಿಗೆ ಆಗಿದ್ರೆ ಅದರ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಬರವಣಿಗೆಯಲ್ಲಿ ಕೊಟ್ಟು ಬಾಡಿಗೆ ಸಂಬಂಧ ಮುಗಿಸಬಹುದು, ಅಗ್ರಿಮೆಂಟಲ್ಲಿ ಒಂದು ತಿಂಗಳು ಅಂತ ಇದ್ರೆ ಒಂದು ತಿಂಗಳು. ಕಹಿ ಸತ್ಯ ಹೇಳ್ಬೇಕು ಅಂದ್ರೆ ಇಲ್ಲಿ ಓನರ್ ಕಾರಣ ಕೂಡ ಹೇಳ್ಬೇಕು ಅಂತ ಇಲ್ಲ, ಬಾಡಿಗೆ ಸರಿಯಾಗಿ ಕೊಡೋರಿಗೂ ನೋಟಿಸ್ ಕೊಡಬಹುದು. ಆದ್ರೆ 15 ದಿನ ಆದ ಕೂಡಲೇ ನೀವು ಬೀದಿಗೆ ಬೀಳೋದಿಲ್ಲ. ನೀವು ಬಿಡದಿದ್ರೆ ಅವರು ಕೋರ್ಟಿಗೆ ಹೋಗ್ಬೇಕು, ಡಿಕ್ರಿ, ಅಂದ್ರೆ ಕೋರ್ಟಿನ ತೀರ್ಪಿನ ಆದೇಶ, ತಗೋಬೇಕು, ಆಮೇಲೆ ಅದನ್ನ ಜಾರಿ ಮಾಡಿಸೋಕೆ ಅಮಲ್ಜಾರಿ ಅರ್ಜಿ ಹಾಕ್ಬೇಕು, ಕೋರ್ಟಿನ ಅಮೀನರು ಬರ್ಬೇಕು. ಆ ಟೈಮೇ ನಿಮಗೆ ಇರೋ ರಕ್ಷಣೆ, ಅದನ್ನ ಬಾಕಿ ತೀರಿಸೋಕೆ ಅಥವಾ ಬೇರೆ ಮನೆ ನೋಡೋಕೆ ಬಳಸಿ.

ಪ್ರಶ್ನೆ: ಓನರಿಗೆ ಹ್ಯಾಗೆ ಹೇಳೋದು? ಮುಖ ತೋರಿಸೋಕೆ ನಾಚಿಕೆ ಆಗ್ತದೆ.

ಗೊತ್ತು. ಕಿಟಕಿ ಹಾಕಿ ಕೂತವಳು ನಾನು. ಆದ್ರೆ ಈಗ ಎಷ್ಟೋ ಜನರದ್ದು ನೋಡಿದ ಮೇಲೆ ಹೇಳ್ತೇನೆ, ಓನರಿಗೆ ಸಿಟ್ಟು ಬರೋದು ದುಡ್ಡು ಬರಲಿಲ್ಲ ಅಂತ ಅರ್ಧ, ಇವರು ಫೋನೇ ಎತ್ತೋದಿಲ್ಲ ಅಂತ ಅರ್ಧ. ನಮ್ಮ ಬದಿಗೆ ಬಾಡಿಗೆ ಕೊಡೋರೆಲ್ಲ ದೊಡ್ಡ ಶ್ರೀಮಂತರಲ್ಲ, ಗಂಡ ತೀರಿಹೋಗಿ ಹಿಂದಿನ ಎರಡು ಖೋಲಿ ಬಾಡಿಗೆಯಲ್ಲೇ ಔಷಧಿ ತಗೊಳ್ಳೋ ಅಮ್ಮಂದಿರೂ ಇದ್ದಾರೆ. ನಿಮ್ಮ 4,000 ಅವರ ತಿಂಗಳ ಲೆಕ್ಕದಲ್ಲಿ ಇರ್ತದೆ.

ಬಾಡಿಗೆ ತಾರೀಕು ಬರೋ ಮೊದಲೇ ಹೇಳಿ, ದಾಟಿದ ಮೇಲೆ ಅಲ್ಲ. ಎದುರಿಗೆ ಹೋಗಿ ಮಾತಾಡಿ, ಮನೆಗೆ ಬಂದು ಅದನ್ನೇ ವಾಟ್ಸಾಪಲ್ಲಿ ಬರೆದು ಕಳಿಸಿ. ಇಷ್ಟು ಸಾಕು: "ಅಮ್ಮಾ ನಮಸ್ಕಾರ, ಇವತ್ತು ಮಾತಾಡಿದ ಹಾಗೆ ಬೋಟು ಬಂದ್ ಇರೋದರಿಂದ ಜೂನ್ ಮತ್ತೆ ಜುಲೈ ಬಾಡಿಗೆ ಪೂರ್ತಿ ಕೊಡೋಕೆ ಆಗೋದಿಲ್ಲ. ತಿಂಗಳಿಗೆ 1,500 ಈಗ ಕೊಡ್ತೇನೆ. ಉಳಿದ 5,000 ರೂಪಾಯಿ ಆಗಸ್ಟ್, ಸೆಪ್ಟೆಂಬರ್ ಬಾಡಿಗೆ ಜೊತೆ ಎರಡು ಸಲ ಮಾಡಿ ತೀರಿಸ್ತೇನೆ. ನೀವು ಹೂಂ ಅಂದಿದ್ದಕ್ಕೆ ಉಪಕಾರ." ಅವರು "ಆಯ್ತು" ಅಂತ ಒಂದು ಉತ್ತರ ಹಾಕಿದ್ರೂ ಅದು ದಾಖಲೆ. ನಿಮ್ಮ ಕೈಯಲ್ಲಿ ಆಗೋದನ್ನ ಮಾತ್ರ ಹೇಳಿ. ಆಗಸ್ಟ್ 15 ಅಂತ ಹೇಳಿ ತಪ್ಪಿಸಿದ್ರೆ ಮುಂದಿನ ಮಾತು ಯಾರೂ ನಂಬೋದಿಲ್ಲ, ಅದಕ್ಕಿಂತ ಸೆಪ್ಟೆಂಬರ್ 5 ಅಂತ ಹೇಳಿ 3ಕ್ಕೇ ಕೊಡಿ.

ಮತ್ತೆ 500 ಆದ್ರೂ ಸರಿ, ಕೊಡ್ತಾ ಇರಿ. ಪೂರ್ತಿ ಆದ್ಮೇಲೆ ಒಟ್ಟಿಗೆ ಕೊಡೋಣ ಅಂತ ಕೂತ್ರೆ ಅದು ಯಾವತ್ತೂ ಪೂರ್ತಿ ಆಗೋದಿಲ್ಲ.

ಪ್ರಶ್ನೆ: ನಮ್ಮದು ಅಗ್ರಿಮೆಂಟೇ ಇಲ್ಲ, ಬಾಯಿಮಾತು. ನಮಗೆ ಹಕ್ಕು ಇದ್ಯಾ?

ಇದೆ. ಬಾಡಿಗೆ ಕೊಟ್ಟು ವಾಸ ಮಾಡ್ತಾ ಇದ್ದೀರಿ ಅಂದ್ರೆ ನೀವು ಬಾಡಿಗೆದಾರರೇ. ಅದನ್ನ ತೋರಿಸೋ ಕಾಗದ ಬೇಕಷ್ಟೇ: ಫೋನ್‌ಪೇ, ಗೂಗಲ್‌ಪೇ ಹಿಸ್ಟರಿ, ಗ್ಯಾಸ್ ಪುಸ್ತಕ, ಆ ಅಡ್ರೆಸ್ಸಿನ ಆಧಾರ್, ಮಕ್ಕಳ ಶಾಲೆಯ ದಾಖಲೆ. ಕೈಯಲ್ಲಿ ಕ್ಯಾಶ್ ಕೊಡೋರು ಒಂದು ನೂರು ಪುಟದ ನೋಟ್‌ಬುಕ್ ಇಡಿ, ತಾರೀಕು, ಎಷ್ಟು, ಯಾವ ತಿಂಗಳದ್ದು, ಓನರ್ ಸಹಿ. ಸಹಿ ಹಾಕೋಕೆ ಒಪ್ಪದಿದ್ರೆ ಕೊಟ್ಟ ಕೂಡಲೇ "ಇವತ್ತು ಜೂನ್ ಬಾಡಿಗೆ 4,000 ಕೈಗೆ ಕೊಟ್ಟಿದ್ದೇನೆ" ಅಂತ ಮೆಸೇಜ್ ಹಾಕಿ ಇಡಿ.

11 ತಿಂಗಳ ಅಗ್ರಿಮೆಂಟ್ ಯಾಕೆ ಅಂತ ಕೇಳ್ತಾರೆ, ಒಂದು ವರ್ಷ ಮೀರಿದ ಲೀಸ್ ರಿಜಿಸ್ಟರ್ ಮಾಡಿಸಲೇಬೇಕು ಅಂತ ನೋಂದಣಿ ಕಾಯ್ದೆ 1908ರಲ್ಲಿ ಇದೆ, ಅದನ್ನ ತಪ್ಪಿಸೋಕೆ. 11 ತಿಂಗಳು ಮುಗಿದು ಹೊಸದು ಮಾಡಿಸಲಿಲ್ಲ, ಓನರ್ ಬಾಡಿಗೆ ತಗೊಳ್ತಾ ಇದ್ದಾರೆ ಅಂದ್ರೆ ಸಾಮಾನ್ಯವಾಗಿ ಅದು ತಿಂಗಳ ಬಾಡಿಗೆ ಅಂತ ಮುಂದುವರೀತದೆ.

ಪ್ರಶ್ನೆ: ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಅಂತ ಹೇಳಬಹುದಾ?

ಕೇಳಬಹುದು, ಅದು ನಿಮ್ಮ ಹಕ್ಕು ಅಂತ ಅಲ್ಲ. ಓನರ್ ಒಪ್ಪಿದ್ರೆ ಬಹಳ ಒಳ್ಳೇದು, ಬರೆಸ್ಕೊಳ್ಳಿ, "20,000 ಅಡ್ವಾನ್ಸಲ್ಲಿ ಎರಡು ತಿಂಗಳ ಬಾಡಿಗೆ 8,000 ಕಳೆದು 12,000 ಉಳಿದಿದೆ" ಅಂತ ಮೊತ್ತ ಸಮೇತ. ಒಪ್ಪದೇ ಇದ್ರೆ ಬಾಕಿ ಬಾಕಿಯೇ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ತಗೊಳ್ಳಬಾರದು ಅಂತ ಎಲ್ಲೋ ಓದಿದ್ದೆ ಅಂತಾರಲ್ಲ, ಅದು ಕೇಂದ್ರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇರೋದು. ಅದು ಮಾದರಿ ಮಾತ್ರ, ರಾಜ್ಯ ತಾನೇ ಕಾನೂನು ಮಾಡಿದ್ರೆ ಮಾತ್ರ ನಮಗೆ ಲಾಗು.

ಪ್ರಶ್ನೆ: ಬಾಕಿ ಕೊಡೋ ತನಕ ಕರೆಂಟು, ನೀರು ಬಂದ್ ಅಂತ ಹೇಳ್ತಿದ್ದಾರೆ.

ಹಾಗೆ ಮಾಡೋ ಹಾಗಿಲ್ಲ. ವಿದ್ಯುತ್ ಮೂಲಭೂತ ಸೌಲಭ್ಯ, ಅದನ್ನ ಯಾರಿಗೂ ತಪ್ಪಿಸೋ ಹಾಗಿಲ್ಲ ಅಂತ 2022ರಲ್ಲೇ ಸುಪ್ರೀಂ ಕೋರ್ಟು ಬಾಡಿಗೆದಾರರ ವಿಷಯದಲ್ಲೇ ಹೇಳಿದೆ. ಫ್ಯೂಸ್ ತೆಗೆದ್ರೆ, ನೀರಿನ ವಾಲ್ವ್ ತಿರುಗಿಸಿದ್ರೆ ಬೀಗ ಹಾಕಿದಾಗ ಮಾಡೋದನ್ನೇ ಮಾಡಿ, ಫೋಟೋ, ಸಾಕ್ಷಿ, ದೂರು. ಕೋರ್ಟಿಂದ ತಡೆಯಾಜ್ಞೆ ಕೂಡ ಕೇಳಬಹುದು.

ಆದ್ರೆ ಹೆಸ್ಕಾಂ ಬಿಲ್ಲೇ ಕಟ್ಟದೇ ಇದ್ರೆ ಅದು ಬೇರೆ ವಿಷಯ, ಅವರು 15 ದಿನದ ನೋಟಿಸ್ ಕೊಟ್ಟು ಕಟ್ ಮಾಡಬಹುದು. ದುಡ್ಡು ಕಡಿಮೆ ಇದ್ದಾಗ ಕರೆಂಟ್ ಬಿಲ್ಲು ಮೊದಲು ಕಟ್ಟಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, 200 ಯೂನಿಟ್ ಒಳಗೆ, ನಿಮ್ಮ ಹಿಂದಿನ ಸರಾಸರಿ ಲೆಕ್ಕದಲ್ಲಿ. ಆ ಮೀಟರಿನ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿಲ್ಲ ಅಂದ್ರೆ ಜೋಡಿಸಿ. ಹೊಸ ಮನೆಗೆ ಹೋದವರು ಹಳೇ ಮನೆಯದ್ದು ಬಿಡಿಸದೇ ಹಾಗೇ ಬಿಟ್ಟಿರ್ತಾರೆ, ಅದನ್ನೂ ನೋಡ್ಕೊಳ್ಳಿ.

ಪ್ರಶ್ನೆ: ಬಾಕಿಗೆ ಅಂತ ಟಿವಿ, ಫ್ರಿಜ್, ಗಾಡಿ ಹಿಡ್ಕೊಂಡ್ರೆ?

ಓನರಿಗೆ ಆ ಹಕ್ಕಿಲ್ಲ. ಕೋರ್ಟಿನ ಡಿಕ್ರಿ ಆದ್ಮೇಲೆ ಜಪ್ತಿ ಮಾಡಿದ್ರೂ ಕೆಲವನ್ನ ಕೋರ್ಟು ಕೂಡ ಮುಟ್ಟೋ ಹಾಗಿಲ್ಲ: ಉಟ್ಟು ತೊಡೋ ಅವಶ್ಯ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಹೆಂಗಸರು ಧರ್ಮದ ಪ್ರಕಾರ ತೆಗೆಯಬಾರದ ತಾಳಿಯಂಥ ಒಡವೆ, ಕಸುಬುದಾರರ ಕಸುಬಿನ ಸಲಕರಣೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ನಲ್ಲಿ ಇದು ಇದೆ. ಒಬ್ಬ ಬಡಗಿ ಅಣ್ಣ ಬಂದಿದ್ರು, ಅವರ ಗರಗಸ, ಉಳಿ, ಕೀಸುಳಿ ಇದ್ದ ಚೀಲವನ್ನೇ ಓನರ್ ಒಳಗಿಟ್ಕೊಂಡಿದ್ರು. ಅದಿಲ್ಲದೇ ಕೂಲಿ ಇಲ್ಲ, ಕೂಲಿ ಇಲ್ಲದೇ ಬಾಡಿಗೆ ಇಲ್ಲ, ಅಷ್ಟನ್ನ ಓನರಿಗೆ ಕೂರಿಸಿ ಹೇಳಿದ್ಮೇಲೆ ಚೀಲ ವಾಪಸ್ ಕೊಟ್ರು, ಅಣ್ಣ ಆ ತಿಂಗಳೇ ಅರ್ಧ ಬಾಕಿ ತೀರಿಸಿದ್ರು.

ಪ್ರಶ್ನೆ: ಓನರೇ ಬಾಡಿಗೆ ತಗೊಳ್ತಾ ಇಲ್ಲ, ಖಾಲಿ ಮಾಡಿ ಅಂತ ಹಟ.

ಬೇಕಂತಲೇ ಬಾಕಿ ಆಗೋ ಹಾಗೆ ಮಾಡೋದು ಇದು. ಅವರ ಬ್ಯಾಂಕ್ ಖಾತೆ ಅಥವಾ ಯುಪಿಐ ಗೊತ್ತಿದ್ರೆ ಅದಕ್ಕೇ ಹಾಕಿ, ಯಾವ ತಿಂಗಳದ್ದು ಅಂತ ಬರೆದು. ಗೊತ್ತಿಲ್ಲದಿದ್ರೆ ಖಾತೆ ನಂಬರ್ ಕೊಡಿ ಅಂತ ಸ್ಪೀಡ್ ಪೋಸ್ಟಲ್ಲಿ ಕಾಗದ ಹಾಕಿ, ಅದರ ರಸೀದಿ ಇಡಿ. ಆ ದುಡ್ಡು ಖರ್ಚು ಮಾಡಬೇಡಿ, ಬೇರೆ ಖಾತೆಯಲ್ಲಿ ಇಟ್ಟಿರಿ. ಕೋರ್ಟಲ್ಲಿ ಇದೋ ಪೂರ್ತಿ ಇದೆ ಅಂತ ತೋರಿಸೋಕೆ ಬರ್ಬೇಕು.

ಪ್ರಶ್ನೆ: ವಕೀಲರ ನೋಟಿಸ್ ಬಂದಿದೆ. ತಗೊಳ್ಳದೇ ವಾಪಸ್ ಕಳಿಸಲಾ?

ಬೇಡ. ಪೋಸ್ಟ್‌ಮ್ಯಾನ್ ತಂದಾಗ ತಗೊಳ್ಳೋದಿಲ್ಲ ಅಂದ್ರೂ ಕಾನೂನಲ್ಲಿ ಮುಟ್ಟಿತು ಅಂತಲೇ ಲೆಕ್ಕ ಹಿಡೀತಾರೆ, ನಿಮಗೆ ಒಳಗೆಂತ ಇದೆ ಅಂತ ಮಾತ್ರ ಗೊತ್ತಾಗೋದಿಲ್ಲ. ತಗೊಂಡು ಕವರ್ ಮೇಲೆ ಸಿಕ್ಕ ತಾರೀಕು ಬರೆಯಿರಿ. ಎಷ್ಟು ಬಾಕಿ ಅಂತ ಹಾಕಿದ್ದಾರೆ, ನಿಮ್ಮ ನೋಟ್‌ಬುಕ್ ಲೆಕ್ಕಕ್ಕೆ ಸರಿ ಇದ್ಯಾ ನೋಡಿ. ಕೊಟ್ಟಿದ್ದನ್ನೂ ಸೇರಿಸಿ ಬರೆದಿದ್ರೆ ಉತ್ತರದಲ್ಲಿ ತಿಂಗಳು ತಿಂಗಳು ಬಿಡಿಸಿ ಬರೆಸಿ. ಮೂರು ವರ್ಷ ದಾಟಿದ ಹಳೇ ಬಾಕಿಗೆ ದಾವೆ ಹಾಕೋ ಅವಧಿ ಸಾಮಾನ್ಯವಾಗಿ ಮುಗಿದಿರ್ತದೆ, ಆದ್ರೆ ನಡುವೆ ನೀವು ಸಾಲ ಒಪ್ಪಿ ಸಹಿ ಹಾಕಿದ್ರೆ ಲೆಕ್ಕ ಬದಲಾಗ್ತದೆ, ಇದನ್ನ ವಕೀಲರಿಗೆ ತೋರಿಸಿಯೇ ತೀರ್ಮಾನ ಮಾಡಿ.

ಪ್ರಶ್ನೆ: ಕೋರ್ಟಿಂದ ಸಮನ್ಸ್ ಬಂತು, ಇನ್ನೆಲ್ಲ ಮುಗೀತಾ?

ಮುಗೀಲಿಲ್ಲ, ಹೋಗದೇ ಇದ್ರೆ ಮುಗೀತದೆ. ನೀವು ಹಾಜರಾಗದಿದ್ರೆ ಅವರು ಹೇಳಿದ್ದನ್ನೇ ಕೇಳಿ ಎಕ್ಸ್‌ಪಾರ್ಟಿ ಡಿಕ್ರಿ ಆಗ್ತದೆ. ಸಮನ್ಸ್ ಸಿಕ್ಕ 30 ದಿನದಲ್ಲಿ ಲಿಖಿತ ಹೇಳಿಕೆ, ಅಂದ್ರೆ ದಾವೆಗೆ ನಿಮ್ಮ ಉತ್ತರ, ಹಾಕ್ಬೇಕು, ಕೋರ್ಟು ಕಾರಣ ಒಪ್ಪಿದ್ರೆ 90 ದಿನದ ತನಕ ಬಿಡ್ತದೆ.

ಬಾಡಿಗೆ ಕೊಡಲಿಲ್ಲ ಅನ್ನೋ ಕಾರಣಕ್ಕೇ, ಅಗ್ರಿಮೆಂಟಿನ ಶರತ್ತು ಮುರಿದ್ರು ಅಂತ ಲೀಸ್ ರದ್ದು ಮಾಡಿ ದಾವೆ ಹಾಕಿದ್ರೆ, ಆಸ್ತಿ ವರ್ಗಾವಣೆ ಕಾಯ್ದೆಯ 114ನೇ ಸೆಕ್ಷನ್ ಅಂತ ಒಂದು ಬಾಗಿಲು ಇದೆ. ವಿಚಾರಣೆ ವೇಳೆ ಪೂರ್ತಿ ಬಾಕಿ, ಬಡ್ಡಿ, ದಾವೆಯ ಖರ್ಚು ಎಲ್ಲ ಕಟ್ಟಿದ್ರೆ ಅಥವಾ 15 ದಿನದಲ್ಲಿ ಕಟ್ತೇನೆ ಅಂತ ಭದ್ರತೆ ಕೊಟ್ರೆ ಮನೆ ಉಳಿಸಿಕೊಡೋ ಅಧಿಕಾರ ಕೋರ್ಟಿಗೆ ಇದೆ. ಕೊಡಲೇಬೇಕು ಅಂತ ಇಲ್ಲ, ಅವರ ವಿವೇಚನೆ. ಬರೀ 15 ದಿನದ ನೋಟಿಸ್ ಕೊಟ್ಟು ಮುಗಿಸಿದ ಬಾಡಿಗೆಗೆ ಈ ಸೆಕ್ಷನ್ ಬರೋದಿಲ್ಲ, ಹಾಗಾಗಿ ನೋಟಿಸಲ್ಲಿ ಎಂತ ಬರೆದಿದ್ದಾರೆ ಅನ್ನೋದು ಬಹಳ ಮುಖ್ಯ. ಕೇಸು ನಡೀತಾ ಇರೋವಾಗಲೂ ಬಾಡಿಗೆ ಕಟ್ತಾ ಇರಿ, ಕೇಸಿದೆ ಅಂತ ನಿಲ್ಲಿಸಿದವರಿಗೆ ಕೊನೆಗೆ ಮಾರ್ಕೆಟ್ ರೇಟಲ್ಲಿ ನಷ್ಟ ಪರಿಹಾರ ಕಟ್ಟೋ ಹಾಗೆ ಆಗ್ತದೆ.

ಪ್ರಶ್ನೆ: ಮನೆ ಸೋರ್ತದೆ, ಹೇಳಿದ್ರೂ ರಿಪೇರಿ ಮಾಡಿಸೋದಿಲ್ಲ. ಅದಕ್ಕೇ ಬಾಡಿಗೆ ಕೊಡಲಿಲ್ಲ.

ಸಿಟ್ಟು ನ್ಯಾಯವೇ, ದಾರಿ ಮಾತ್ರ ಸರಿ ಇಲ್ಲ. ಸೋರಿಕೆಗೆ ಅಂತ ಪೂರ್ತಿ ಬಾಡಿಗೆ ನಿಲ್ಲಿಸಿದ್ರೆ ಕೋರ್ಟಲ್ಲಿ ನೀವು ಬಾಕಿದಾರರಾಗಿ ನಿಲ್ತೀರಿ. ಓನರ್ ಮಾಡಿಸ್ಬೇಕಾದ ರಿಪೇರಿ ಆಗಿದ್ರೆ ಮೊದಲು ನೋಟಿಸ್ ಕೊಡಿ, ಫೋಟೋ ಸಮೇತ. ಸಮಂಜಸ ಟೈಮ್ ಕೊಟ್ರೂ ಮಾಡಿಸದಿದ್ರೆ ನೀವೇ ಹಂಚು ಹೊದಿಸಿ ಅದರ ಖರ್ಚನ್ನ ಬಾಡಿಗೆಯಲ್ಲಿ ಕಳೀಬಹುದು, 1882ರ ಕಾಯ್ದೆಯ 108ನೇ ಸೆಕ್ಷನ್ನಲ್ಲಿ ಇದೆ. ಹಂಚಿನ ಬಿಲ್ಲು, ಕೆಲಸದವರ ಕೂಲಿಯ ಚೀಟಿ ಇಟ್ಕೊಳ್ಳಿ.

ನೆರೆಯದ್ದು ಬೇರೆ. 2019ರ ಆಗಸ್ಟಲ್ಲಿ ಕದ್ರಾ ಅಣೆಕಟ್ಟಿಂದ ನೀರು ಬಿಟ್ಟಾಗ ಕಾಳಿ ನದಿ ದಂಡೆಯ ಮನೆಗಳು ಮುಳುಗಿದ್ದು ನೆನಪಿದ್ಯಲ್ಲ. ನೆರೆ, ಗಾಳಿಮಳೆ, ಬೆಂಕಿಯಿಂದ ಮನೆಯ ಮುಖ್ಯ ಭಾಗ ವಾಸಕ್ಕೆ ಶಾಶ್ವತವಾಗಿ ಬರದ ಹಾಗೆ ಹಾಳಾದ್ರೆ ಬಾಡಿಗೆ ಒಪ್ಪಂದ ಮುಗಿಸೋ ಆಯ್ಕೆ ಬಾಡಿಗೆದಾರರಿಗೆ ಇದೆ, ಅದೂ ಅದೇ ಸೆಕ್ಷನ್. ಎರಡು ದಿನ ನೀರು ನಿಂತು ಇಳಿದು ಹೋದ್ರೆ ಇದು ಬರೋದಿಲ್ಲ.

ಪ್ರಶ್ನೆ: ಸಾಲ ಮಾಡಿ ಬಾಡಿಗೆ ಕಟ್ಟಲಾ?

ವಾರದ ಕಂತಿನ ಸಾಲ, ಮೀಟರ್ ಬಡ್ಡಿ, ಮೊಬೈಲ್ ಆ್ಯಪ್ ಸಾಲ ಇವು ಬೇಡವೇ ಬೇಡ. ಓನರಿಗೆ ಬಾಕಿ ಇದ್ರೆ ಅವರೊಬ್ಬರು ಬಾಗಿಲಿಗೆ ಬರ್ತಾರೆ, ಇದರಲ್ಲಿ ವಾರ ವಾರ ಬರ್ತಾರೆ. ಈಗಾಗಲೇ ಮಾಡ್ಕೊಂಡು ಕಿರುಕುಳ ಆಗ್ತಾ ಇದ್ರೆ, ಬಲವಂತದ ವಸೂಲಿ ತಡೆಯೋಕೆ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ, ಸ್ಟೇಷನ್ನಲ್ಲಿ ದೂರು ಕೊಡಬಹುದು. ಸ್ವಸಹಾಯ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಿಗೋದಿದ್ರೆ, ತೀರಿಸೋ ದಾರಿ ಕಣ್ಣಿಗೆ ಕಾಣ್ತಾ ಇದ್ರೆ ಮಾತ್ರ ನೋಡಿ. ಮೀನುಗಾರರಿಗೆ ಉಳಿತಾಯ ಪರಿಹಾರ ಯೋಜನೆ ಇದೆ, ನೀವು ಕಟ್ಟಿದ 1,500ಕ್ಕೆ ಸರ್ಕಾರದ 3,000 ಸೇರಿ 4,500 ಬರ್ತದೆ, ಮೀನುಗಾರಿಕಾ ಇಲಾಖೆಯಲ್ಲಿ ಮೊದಲೇ ಹೆಸರು ಇರ್ಬೇಕು, ಜೂನಲ್ಲಿ ಹೋಗಿ ಕೇಳಿದ್ರೆ ತಡ ಆಯ್ತು.

ಪ್ರಶ್ನೆ: ಅಂಗಡಿ ಬಾಡಿಗೆಗೂ ಇದೇನಾ? ಕ್ವಾರ್ಟರ್ಸಿಗೆ?

ಖಾಸಗಿ ಅಂಗಡಿಗೆ ಹೆಚ್ಚುಕಡಿಮೆ ಇದೇ. ನಗರಸಭೆ ಮಳಿಗೆ, ರಾಜ್ಯ ಸರ್ಕಾರದ ಜಾಗ, ಕ್ವಾರ್ಟರ್ಸಿಗೆ ಬೇರೆ, ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆ 1974ರಲ್ಲಿ ಅಧಿಕಾರಿಗಳೇ ನೋಟಿಸ್ ಕೊಟ್ಟು ವಿಚಾರಣೆ ಮಾಡಿ ತೆರವು ಮಾಡಿಸ್ತಾರೆ, ಬೇಗ ಆಗ್ತದೆ. ಅಲ್ಲಿ ನೋಟಿಸ್ ಬಂದ್ರೆ ಕೊಟ್ಟ ತಾರೀಕೊಳಗೆ ಉತ್ತರ ಹಾಕಿ.

ಪ್ರಶ್ನೆ: ಬಾಡಿಗೆಗೇ ದುಡ್ಡಿಲ್ಲ, ವಕೀಲರಿಗೆ ಎಲ್ಲಿಂದ ಕೊಡೋದು?

ಕೊಡಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ನೆರೆಯಂಥ ವಿಪತ್ತಿಗೆ ಸಿಕ್ಕವರು, ಆದಾಯ ಕಡಿಮೆ ಇರೋರು ಎಲ್ಲರಿಗೂ ಇದೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಶಿರಸಿಯಂಥ ಊರುಗಳಲ್ಲಿ ತಾಲೂಕು ಸಮಿತಿ, ಕೋರ್ಟಿನ ಹತ್ರವೇ ಕೇಳಿ. ಫೋನ್ ಮಾಡೋದಿದ್ರೆ 15100. ಕೇಸು ಹಾಕೋ ಮೊದಲೇ ಲೋಕ ಅದಾಲತ್ತಿಗೆ ಇಡಬಹುದು, ಇಬ್ಬರನ್ನೂ ಕೂರಿಸಿ ಕಂತು ಮಾಡಿಸ್ತಾರೆ. ಬಾಡಿಗೆ ಜಗಳಕ್ಕೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದ್ರೆ ಅಲ್ಲಿ ಒಪ್ಪಿ ಸಹಿ ಹಾಕಿದ್ರೆ ಅದು ಕೋರ್ಟಿನ ಡಿಕ್ರಿ ಇದ್ದ ಹಾಗೆ, ಅಪೀಲು ಇಲ್ಲ. ಹಾಗಾಗಿ ಓದಿಸ್ಕೊಂಡು, ನಿಮ್ಮ ಕೈಲಿ ಆಗೋ ಕಂತಿಗೇ ಒಪ್ಪಿ.

ಪ್ರಶ್ನೆ: ಇದ್ಯಾವುದೂ ಬೇಡ, ರಾತ್ರೋರಾತ್ರಿ ಬಿಟ್ಟು ಹೋದ್ರೆ ಆಗ್ತದಲ್ಲ?

ಆಗೋದಿಲ್ಲ. ಬಾಕಿ ನಿಮ್ಮ ಹಿಂದೆಯೇ ಬರ್ತದೆ, ಕೀಲಿ ಕೊಡದೇ ಹೋದ್ರೆ ಖಾಲಿ ಮಾಡಿದ್ದು ಯಾವಾಗ ಅನ್ನೋದಕ್ಕೇ ಪುರಾವೆ ಇಲ್ಲ, ಮುಂದಿನ ತಿಂಗಳದ್ದೂ ಸೇರಿಸಿ ಕೇಳ್ತಾರೆ, ಅಡ್ವಾನ್ಸೂ ಹೋಯ್ತು. ಬಿಡೋದೇ ಅಂತಾದ್ರೆ ಹಗಲಲ್ಲಿ ಬಿಡಿ. ಸಾಮಾನು ತೆಗೆದ ಮೇಲೆ ಗೋಡೆ, ಬಾಗಿಲು, ನಲ್ಲಿ, ಮೀಟರ್ ರೀಡಿಂಗ್ ಎಲ್ಲ ವಿಡಿಯೋ ಮಾಡಿ. ಬಾಕಿ ಎಷ್ಟು, ಅಡ್ವಾನ್ಸ್ ಎಷ್ಟು, ಕಳೆದು ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೀಲಿಯನ್ನ ಓನರ್ ಕೈಗೇ ಕೊಡಿ, ಪಕ್ಕದ ಮನೆಯವರ ಹತ್ರ ಬಿಟ್ಟು ಹೋಗಬೇಡಿ, "ಇವತ್ತು ಕೀಲಿ ಪಡೆದಿದ್ದೇನೆ" ಅಂತ ಅದೇ ಹಾಳೆಯ ಕೆಳಗೆ ಬರೆಸ್ಕೊಂಡು ಒಂದು ಫೋಟೋ ತೆಗೆದು ಆಮೇಲೆ ಗಾಡಿ ಹತ್ತಿ.